ಕಪಾಟಿನ ಮೇಲಿನ ಕ್ಯಾಮೆರಾಗೆ ಬೆಲೆ ಎಷ್ಟು?

ನಮ್ಮ ವಯಸ್ಸಿನ ಎಷ್ಟೋ ಜನರ ಮನೆಯಲ್ಲಿ ಕಪಾಟಿನ ಮೇಲೆ ಒಂದು ಕಪ್ಪು ಕ್ಯಾಮೆರಾ ಬ್ಯಾಗ್ ಇರುತ್ತೆ. ಮೊದಲ ಬೋನಸ್ಸಿನಲ್ಲಿ ತಗೊಂಡಿದ್ದು. ಹಂಪಿ, ಚಿಕ್ಕಮಗಳೂರು, ಒಂದೆರಡು ಸ್ನೇಹಿತರ ಮದುವೆ ಮುಗಿಯೋ ಹೊತ್ತಿಗೆ ಫೋನಿನ ಕ್ಯಾಮೆರಾ ಚೆನ್ನಾಗಾಯ್ತು, ಬ್ಯಾಗ್ ಮೇಲೆ ಸೇರಿತು. ನನ್ನದು ನಿಕಾನ್ ಡಿ3100. 2010ರ ಮಾಡೆಲ್, 14.2 ಮೆಗಾಪಿಕ್ಸೆಲ್. ಜೊತೆಗೆ 18–55 ಕಿಟ್ ಲೆನ್ಸ್, ಆಮೇಲೆ ಬೇರೆಯಾಗಿ ಕೊಂಡ 35 ಎಂಎಂ ಲೆನ್ಸ್. ಮಾರೋಣ ಅಂತ ವಿಚಾರಿಸಿದರೆ, ಕ್ಯಾಮೆರಾಗೆ ಹೇಳಿದ ಬೆಲೆ ನನ್ನ ಫೋನಿನ ಎರಡು ತಿಂಗಳ ಇಎಂಐಗೂ ಸಾಲದು!

ಬೇಜಾರಾಯ್ತು ನಿಜ. ಆದರೆ ಕಾರಣ ಇದೆ. ನಿಕಾನ್, ಕ್ಯಾನನ್ ಎರಡೂ 2018ರಲ್ಲಿ ಹೊಸ ಮಿರರ್‌ಲೆಸ್ ಮೌಂಟ್ ತಂದವು. ಈ ಸಾಲಿನ ಕೊನೆಯ ಕ್ಯಾಮೆರಾ ಡಿ3500 ಬಂದಿದ್ದೂ ಅದೇ ವರ್ಷ. ಮೇಲಾಗಿ ಡಿ3100ರಲ್ಲಿ ವೈಫೈ ಇಲ್ಲ. ಫೋಟೋ ತೆಗೆದು ಕಾರ್ಡ್ ರೀಡರ್ ಹುಡುಕುವಷ್ಟು ತಾಳ್ಮೆ ಈಗ ಯಾರಿಗಿದೆ ಹೇಳಿ?

ಲೆನ್ಸ್ ಕಥೆ ಬೇರೆ. ನಿಕಾನ್‌ನ ಎಫ್ ಮೌಂಟ್ 1959ರಿಂದ ಇದೆ. ನನ್ನ 35 ಎಂಎಂನಂಥ ಎಎಫ್-ಎಸ್ ಲೆನ್ಸ್‌ಗಳೊಳಗೇ ಫೋಕಸ್ ಮೋಟರ್ ಇರುತ್ತೆ. ಅಡಾಪ್ಟರ್ ಹಾಕಿದರೆ ಹೊಸ ಮಿರರ್‌ಲೆಸ್ ಕ್ಯಾಮೆರಾದಲ್ಲೂ ಆಟೋಫೋಕಸ್ ಆಗುತ್ತೆ. ಹಾಗಾಗಿ ಬಾಡಿಯ ಬೆಲೆ ಬಿದ್ದಷ್ಟು ಬೇಗ ಒಳ್ಳೆಯ ಲೆನ್ಸಿನ ಬೆಲೆ ಬೀಳೋದಿಲ್ಲ. ಮಾರೋದಾದರೆ ಎಲ್ಲವನ್ನೂ ಒಂದೇ ಮೂಟೆ ಕಟ್ಟಿ ಕೊಡಬೇಡಿ, ಲೆನ್ಸಿಗೆ ಬೇರೆ ಬೆಲೆ ಕೇಳಿ.

ಕೊಳ್ಳುವವರು ಕೇಳೋ ಮೊದಲ ಪ್ರಶ್ನೆ ಶಟರ್ ಕೌಂಟ್. ಡಿ3100ರ ಶಟರನ್ನು ಒಂದು ಲಕ್ಷ ಕ್ಲಿಕ್‌ಗೆ ಪರೀಕ್ಷಿಸಲಾಗಿದೆ ಅಂತ ಕಂಪನಿ ಹೇಳಿತ್ತು. ನಿಕಾನ್‌ನಲ್ಲಿ ಈ ಲೆಕ್ಕ ಫೋಟೋ ಫೈಲಿನೊಳಗೇ ದಾಖಲಾಗಿರುತ್ತೆ. ಆದರೆ ವಾಟ್ಸಾಪ್‌ನಲ್ಲಿ ಫೋಟೋ ಅಂತ ಕಳಿಸಿದರೆ ಆ ಮಾಹಿತಿ ಅಳಿಸಿಹೋಗುತ್ತೆ, ಡಾಕ್ಯುಮೆಂಟ್ ಆಗಿ ಕಳಿಸಬೇಕು. ಆಮೇಲೆ ಲೆನ್ಸಿಗೆ ಟಾರ್ಚ್ ಬಿಟ್ಟು ನೋಡಿ. ಮಲೆನಾಡು, ಕರಾವಳಿಯ ಮಳೆಗಾಲ ಕಂಡ ಲೆನ್ಸ್ ಆದರೆ ಒಳಗೆ ಜೇಡರ ಬಲೆಯಂಥ ಎಳೆಗಳು ಕಾಣಬಹುದು. ಅದು ಫಂಗಸ್. ಇದ್ದರೆ ಮುಚ್ಚಿಡದೆ ಹೇಳಿಬಿಡಿ. ಎಫ್/16ರಲ್ಲಿ ಬಿಳಿ ಗೋಡೆಯ ಫೋಟೋ ತೆಗೆದರೆ ಸೆನ್ಸರ್ ಮೇಲಿನ ಧೂಳು ಚುಕ್ಕೆಚುಕ್ಕೆಯಾಗಿ ಕಾಣುತ್ತೆ.

ಮೆಮೊರಿ ಕಾರ್ಡನ್ನು ಮಾತ್ರ ಕ್ಯಾಮೆರಾ ಜೊತೆ ಕೊಡಲೇಬೇಡಿ. ಬರೀ ಫಾರ್ಮ್ಯಾಟ್ ಮಾಡಿದರೆ ಹಳೇ ಫೋಟೋಗಳು ಪೂರ್ತಿ ಹೋಗೋದಿಲ್ಲ, ಸಾಫ್ಟ್‌ವೇರ್ ಹಾಕಿ ವಾಪಸ್ ತೆಗೆಯೋದು ಕಷ್ಟವೇನಲ್ಲ. ನಿಮ್ಮ ಮನೆಯವರ ಫೋಟೋ ಯಾರದೋ ಲ್ಯಾಪ್‌ಟಾಪಿಗೆ ಹೋಗೋದು ಬೇಡ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೂ ಒಂದು ಮಾತು. ಡಿ3100 ಬಾಡಿಯಲ್ಲಿ ಫೋಕಸ್ ಮೋಟರ್ ಇಲ್ಲ. ಅಗ್ಗಕ್ಕೆ ಸಿಕ್ಕಿತು ಅಂತ ಹಳೆಯ 50 ಎಂಎಂ ಎಫ್/1.8ಡಿ ಲೆನ್ಸ್ ತಂದರೆ ಪ್ರತಿ ಸಲವೂ ಕೈಯಲ್ಲೇ ಫೋಕಸ್ ತಿರುಗಿಸಬೇಕಾಗುತ್ತೆ.

ಇಷ್ಟೆಲ್ಲ ಲೆಕ್ಕ ಹಾಕಿ ನಾನು 35 ಎಂಎಂ ಲೆನ್ಸ್ ಮಾತ್ರ ಮಾರಿದೆ. ಬಾಡಿ, ಕಿಟ್ ಲೆನ್ಸ್ ಎರಡನ್ನೂ ಪತ್ರಿಕೋದ್ಯಮ ಓದುತ್ತಿರೋ ಅಕ್ಕನ ಮಗಳಿಗೆ ಕೊಟ್ಟೆ. ಇದು ದೊಡ್ಡ ತ್ಯಾಗ ಅಂತೇನೂ ಅಲ್ಲ. ಆ ಬಾಡಿಗೆ ನನಗೆ ಸಿಗುತ್ತಿದ್ದ ದುಡ್ಡು ಒಂದು ವೀಕೆಂಡಿನಲ್ಲಿ ಖರ್ಚಾಗಿಬಿಡುತ್ತಿತ್ತು. ಅವಳಿಗೆ ಅದೇ ದುಡ್ಡಿನಲ್ಲಿ ಅಪರ್ಚರ್, ಶಟರ್ ಸ್ಪೀಡ್ ಕಲಿಯೋಕೆ ಬೇರೇನೂ ಸಿಗೋದಿಲ್ಲ. ಫೋನ್ ಎಲ್ಲವನ್ನೂ ತಾನೇ ನಿರ್ಧರಿಸುತ್ತೆ. ಇದರಲ್ಲಿ ಡಯಲನ್ನು ‘ಎಂ’ಗೆ ತಿರುಗಿಸಿದರೆ ಫೋಟೋ ಕಪ್ಪಾದರೂ ಬೆಳ್ಳಗಾದರೂ ಅದು ಅವಳದೇ ಲೆಕ್ಕ. ಸೆನ್ಸರ್ ಕೂಡ ಸಾಮಾನ್ಯ ಫೋನಿನದಕ್ಕಿಂತ ಎಷ್ಟೋ ಪಟ್ಟು ದೊಡ್ಡದು.

ನಿಮ್ಮ ಬ್ಯಾಗನ್ನೂ ಈ ಭಾನುವಾರ ಕೆಳಗಿಳಿಸಿ, ಬ್ಯಾಟರಿ ಚಾರ್ಜಿಗೆ ಹಾಕಿ. ಮಾರ್ತೀರೋ, ಕೊಡ್ತೀರೋ, ಇಟ್ಕೊಳ್ತೀರೋ ನಿಮಗೆ ಬಿಟ್ಟಿದ್ದು. ಇನ್ನೊಂದು ಮಳೆಗಾಲ ಅದೇ ಬ್ಯಾಗಿನಲ್ಲಿ ಬಿಟ್ಟರೆ ಮಾತ್ರ, ಆ ತೀರ್ಮಾನವನ್ನು ಫಂಗಸ್ಸೇ ಮಾಡುತ್ತೆ.