ಹದಿನೈದು ದಿನದಾಗ ನಕ್ಷೆ ನೋಡೋರು ಯಾರು, ತಕರಾರು ಕೊಡೋರು ಯಾರು?

ಹೂವಿನ ಹಿಪ್ಪರಗಿ: ಊರ ಅಂಚಿನ ಹೊಲ ನಾಳೆ ಪ್ಲಾಟ್ ಆಗಬೇಕೋ, ಗೋದಾಮು ಆಗಬೇಕೋ, ಹೊಲವಾಗೇ ಉಳಿಯಬೇಕೋ? ಇದರ ಬಗ್ಗೆ ಅಕ್ಕಪಕ್ಕದವರಿಗೆ ಮಾತಾಡಲು ಸಿಗುವ ಸಮಯ ಎಷ್ಟು ಅಂತ ಕೇಳಿದರೆ ಕಾಯ್ದೆಯಲ್ಲಿ ಉತ್ತರ ಇದೆ. ಮಾಸ್ಟರ್ ಪ್ಲಾನ್ ಜಾರಿಯಲ್ಲಿರುವ ಕಡೆ ಒಂದು ಜಾಗದ ಉಪಯೋಗ ಬದಲಿಸಬೇಕಾದರೆ ಯೋಜನಾ ಪ್ರಾಧಿಕಾರ ದಿನಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು, ಸಾರ್ವಜನಿಕರ ಆಕ್ಷೇಪಣೆಗೆ ಕನಿಷ್ಠ 15 ದಿನ ಬಿಡಬೇಕು. ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1961ರ 14ಎ ಕಲಂ ಹೇಳುವುದು ಇಷ್ಟು.

ಇಲ್ಲಿ ‘ಕನಿಷ್ಠ’ ಅನ್ನೋ ಮಾತು ಗಮನಿಸಬೇಕು. 15 ದಿನಕ್ಕಿಂತ ಕಡಿಮೆ ಕೊಡುವಂತಿಲ್ಲ ಅಂತ ಕಾಯ್ದೆ ಹೇಳುತ್ತದೆಯೇ ಹೊರತು, 15ಕ್ಕೇ ನಿಲ್ಲಿಸಿ ಅಂತ ಎಲ್ಲೂ ಹೇಳಿಲ್ಲ. 30 ದಿನ ಕೊಡಬಹುದು, 45 ಕೊಡಬಹುದು. ಅದಕ್ಕೆ ವಿಧಾನಸೌಧದಲ್ಲಿ ತಿದ್ದುಪಡಿ ಆಗಬೇಕಾಗಿಲ್ಲ, ಪ್ರಕಟಣೆಗೆ ಸಹಿ ಹಾಕುವವರು ಮನಸ್ಸು ಮಾಡಿದರೆ ಸಾಕು. ಆದರೆ ಕನಿಷ್ಠವೇ ರೂಢಿ ಆಗಿಬಿಡುವುದು ಸರ್ಕಾರಿ ಕಚೇರಿಗಳ ಹಳೆ ಚಾಳಿ.

ಆ 15 ದಿನ ಜನರ ಕೈಗೆ ಎಷ್ಟು ಸಿಗುತ್ತವೆ ಅಂತ ಲೆಕ್ಕ ಹಾಕಿ ನೋಡಿ. ಪ್ರಕಟಣೆ ಪೇಪರಿನ ಒಳಪುಟದಲ್ಲಿ ಸಣ್ಣ ಅಕ್ಷರದಲ್ಲಿ ಬರುತ್ತದೆ. ಅದರಲ್ಲಿ ಇರುವುದು ಸರ್ವೆ ನಂಬರು ಮತ್ತು ಕ್ಷೇತ್ರ. ‘ಹಳ್ಳದ ಆಚೆ ಗೌಡರ ಹೊಲ’ ಅಂದರೆ ತಟ್ಟನೆ ಗುರುತು ಹಿಡಿಯುವ ಮಂದಿ, ಸರ್ವೆ ನಂಬರು ಹೇಳಿದರೆ ಉತಾರ ಹುಡುಕಬೇಕು. ಕಿರಾಣಿ ಅಂಗಡಿಯವರು ಆ ಪೇಪರನ್ನು ಓದೋದಕ್ಕಿಂತ ಮೊದಲೇ ಅದರಲ್ಲಿ ಶೇಂಗಾ ಕಟ್ಟಿ ಕೊಟ್ಟಿರುತ್ತಾರೆ. ಯಾರೋ ಒಬ್ಬರು ನೋಡಿ ನಾಲ್ಕು ಮಂದಿಗೆ ಹೇಳುವಷ್ಟರಲ್ಲಿ ಒಂದು ವಾರ ಹೋಗಿರುತ್ತದೆ. ನಕ್ಷೆ ನೋಡಲು ಕಚೇರಿಗೆ ಹೋಗಬೇಕು. ಸಾಹೇಬರು ಮೀಟಿಂಗ್‌ಗೆ ಹೋಗಿದ್ದರೆ ಇನ್ನೊಮ್ಮೆ ಬಸ್ ಹತ್ತಬೇಕು. ತೊಗರಿ ರಾಶಿ ಇಲ್ಲವೇ ಜೋಳದ ಕೊಯ್ಲು ನಡೆದಾಗ ಪ್ರಕಟಣೆ ಬಂತು ಅಂದರೆ ಕೇಳುವುದೇ ಬೇಡ.

ಇನ್ನೊಂದು ಲೆಕ್ಕ ಇನ್ನೂ ಬಿಗಿಯಾಗಿದೆ. ಊರಿನವರು ಒಟ್ಟಾಗಿ ಕೂತು ಮಾತಾಡಲು ಪಂಚಾಯತ್ ರಾಜ್ ಕಾಯ್ದೆ ಕೊಟ್ಟ ಜಾಗ ಗ್ರಾಮಸಭೆ. ಅದು ಆರು ತಿಂಗಳಿಗೆ ಒಮ್ಮೆಯಾದರೂ ಸೇರಬೇಕು. ಅಂದರೆ ಒಂದು ಗ್ರಾಮಸಭೆ ಮುಗಿದು ಮತ್ತೊಂದು ಸೇರುವಷ್ಟರಲ್ಲಿ, 15 ದಿನದ ಎಷ್ಟೋ ಪ್ರಕಟಣೆಗಳು ಬಂದು ಹೋಗಿರಬಹುದು. ಸಭೆಯಲ್ಲಿ ವಿಷಯ ಎತ್ತುವ ಹೊತ್ತಿಗೆ ‘ಅವಧಿ ಮುಗಿದೈತ್ರಿ’ ಅನ್ನೋ ಉತ್ತರ ತಯಾರಿರುತ್ತದೆ.

ಇದು ಬೆಂಗಳೂರು, ಹುಬ್ಬಳ್ಳಿ ಮಂದಿಯ ತಲೆನೋವು, ಹೋಬಳಿ ಊರಿಗೇನು ಸಂಬಂಧ ಅಂತ ಕೆಲವರು ಅನ್ನಬಹುದು. ಆದರೆ ಇಲ್ಲಿನ ಸ್ಥಿತಿ ಅದಕ್ಕಿಂತ ತೆಳು. ಮಾಸ್ಟರ್ ಪ್ಲಾನ್ ಇಲ್ಲದ ಕಡೆ ಹೊಲ ‘ಎನ್‌ಎ’ ಆಗುವುದು ಭೂಕಂದಾಯ ಕಾಯ್ದೆ, 1964ರ 95ನೇ ಕಲಂ ಪ್ರಕಾರ. ಅಲ್ಲಿ ಅರ್ಜಿ ಹಾಕುವವರು ಜಮೀನಿನ ಮಾಲೀಕರು, ಮಂಜೂರು ಮಾಡುವವರು ಜಿಲ್ಲಾಧಿಕಾರಿ. ಅರ್ಜಿದಾರರಿಗೆ ಕಾಯ್ದೆ ರಕ್ಷಣೆ ಕೊಟ್ಟಿದೆ: ನಾಲ್ಕು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅನುಮತಿ ಸಿಕ್ಕಂತೆ ಅಂತ ಅದರಲ್ಲಿ ಬರೆದಿತ್ತು, ಈಚಿನ ತಿದ್ದುಪಡಿಗಳು ದಾರಿಯನ್ನು ಇನ್ನಷ್ಟು ಸಲೀಸು ಮಾಡಿವೆ. ಪಕ್ಕದ ಹೊಲದವರಿಗೆ, ಮುಂದಿನ ಅಂಗಡಿಯವರಿಗೆ 15 ದಿನವೂ ಇಲ್ಲ. ಬಡಾವಣೆಯ ನೀರು ಯಾರ ಹೊಲಕ್ಕೆ ನುಗ್ಗುತ್ತದೆ, ಬಂಡಿ ದಾರಿ ಎಲ್ಲಿ ಮುಚ್ಚುತ್ತದೆ ಅನ್ನೋದು ಗೊತ್ತಾಗುವುದು ಕಲ್ಲು ನೆಟ್ಟ ಮೇಲೆ.

ಕಾಗದದಲ್ಲಿ ನೆಲದ ವಿವರ ತಪ್ಪಿದರೆ ಏನಾಗುತ್ತದೆ ಅನ್ನೋದಕ್ಕೆ ಈ ಭಾಗದವರು ದೂರ ಹೋಗಬೇಕಿಲ್ಲ. ಕೂಡಗಿ ಇದೆ. ಆಗ ಬಸವನ ಬಾಗೇವಾಡಿ ತಾಲ್ಲೂಕಿನಲ್ಲಿದ್ದ ಕೂಡಗಿಯ ಎನ್‌ಟಿಪಿಸಿ ಶಾಖೋತ್ಪನ್ನ ಸ್ಥಾವರಕ್ಕೆ 2012ರಲ್ಲಿ ಪರಿಸರ ಅನುಮತಿ ಸಿಕ್ಕಿತು. ಜಮೀನನ್ನು ಬರಡು, ಕಲ್ಲುನೆಲ ಅಂತ ತೋರಿಸಲಾಗಿದೆ, ಆದರೆ ಅದು ಬೆಳೆ ಬೆಳೆಯುವ ಹೊಲ ಅನ್ನೋದು ಹಸಿರು ನ್ಯಾಯಮಂಡಳಿಗೆ ಹೋದವರ ವಾದ. ಅದರಲ್ಲಿ ಹುರುಳಿದೆ ಎಂದು ಕಂಡ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2014ರ ಮಾರ್ಚ್‌ನಲ್ಲಿ ಅನುಮತಿಯನ್ನು ತಡೆದು ಮರುಪರಿಶೀಲನೆಗೆ ಕಳಿಸಿತು. ಅದೇ ವರ್ಷ ಜುಲೈನಲ್ಲಿ ಪ್ರತಿಭಟನೆ ಹಿಂಸೆಗೆ ತಿರುಗಿ ಪೊಲೀಸರು ಗುಂಡು ಹಾರಿಸಿದರು. ಸ್ಥಾವರ ನಿಲ್ಲಲಿಲ್ಲ, 800 ಮೆಗಾವಾಟ್‌ನ ಮೂರು ಘಟಕಗಳು ಎದ್ದು ನಿಂತವು.

ಆ ಹೊಲದಲ್ಲಿ ಏನು ಬೆಳೆಯುತ್ತದೆ ಅನ್ನೋದು ಊರಿನ ಸಣ್ಣ ಹುಡುಗರಿಗೂ ಗೊತ್ತಿತ್ತು. ವರದಿ ತಯಾರಾಗುವಾಗಲೇ ಕನ್ನಡದಲ್ಲಿ, ಸರ್ವೆ ನಂಬರು ಸಮೇತ ಊರೊಳಗೆ ಇಟ್ಟು ಓದಿಸಿದ್ದರೆ ಆ ಒಂದು ಸಾಲನ್ನು ತಿದ್ದಲು ನ್ಯಾಯಮಂಡಳಿ ತನಕ ಹೋಗುವ ಪ್ರಸಂಗ ಬರುತ್ತಿತ್ತೇ? ಇಂಥ ದೊಡ್ಡ ಯೋಜನೆಗಳ ಅಹವಾಲು ಸಭೆಗೆ 30 ದಿನ ಮೊದಲು ನೋಟಿಸ್ ಕೊಡಬೇಕು ಅಂತ 2006ರ ಅಧಿಸೂಚನೆಯಲ್ಲೇ ಇದೆ. ದಿನ ಇದ್ದರೆ ಸಾಲದು, ಆ ದಿನಗಳಲ್ಲಿ ಜನರ ಕೈಗೆ ಏನು ಬಂತು ಅನ್ನೋದೂ ಮುಖ್ಯ.

ಆ 30 ದಿನವನ್ನೂ 20ಕ್ಕೆ ಇಳಿಸುವ ಪ್ರಸ್ತಾವ 2020ರಲ್ಲಿ ಬಂತು. ಹೊಸ ಪರಿಸರ ಪರಿಣಾಮ ಅಧಿಸೂಚನೆಯ ಕರಡನ್ನು ಕೇಂದ್ರ ಸರ್ಕಾರ ಲಾಕ್‌ಡೌನ್ ನಡುವೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಪ್ರಕಟಿಸಿತ್ತು. ದೆಹಲಿ ಹೈಕೋರ್ಟ್ ಆಕ್ಷೇಪಣೆ ಅವಧಿಯನ್ನು ಆಗಸ್ಟ್ 11ರವರೆಗೆ ವಿಸ್ತರಿಸಿ, ಎಂಟನೇ ಪರಿಚ್ಛೇದದ ಎಲ್ಲ ಭಾಷೆಗಳಿಗೂ ಅನುವಾದಿಸಲು ಹೇಳಿತು. ಕರ್ನಾಟಕ ಹೈಕೋರ್ಟ್ ಆಗಸ್ಟ್ 5ರಂದು, ಅಂತಿಮ ಅಧಿಸೂಚನೆ ಹೊರಡಿಸದಂತೆ ಮಧ್ಯಂತರ ತಡೆ ಕೊಟ್ಟಿತು. ತನ್ನ ಭಾಷೆಯಲ್ಲಿ ಕಾಗದವೇ ಕೈಗೆ ಬಾರದವನಿಗೆ ಗಡುವಿನ ದಿನ ಎಣಿಸಿ ಹೇಳಿ ಏನು ಉಪಯೋಗ?

ಎದುರು ವಾದವೂ ಇದೆ, ಅದನ್ನು ಹಗುರ ಮಾಡುವಂತಿಲ್ಲ. ಸಾಲ ತೆಗೆದು ಜಾಗ ಕೊಂಡವರಿಗೆ ಪ್ರತಿ ತಿಂಗಳೂ ಬಡ್ಡಿ ಏರುತ್ತದೆ. ಮಂಜೂರಾತಿ ತಡವಾದಷ್ಟೂ ಮಂದಿ ಕಾಯದೆ ಬಾಂಡ್ ಪೇಪರ್ ಮೇಲೆ ಪ್ಲಾಟ್ ಮಾರಿ, ಕೊಂಡವರು ಖಾತೆಗಾಗಿ ಅಲೆಯುತ್ತಾರೆ. ತಕರಾರು ಹಾಕಿ ದುಡ್ಡು ಕೇಳುವವರೂ ಇಲ್ಲದಿಲ್ಲ. ಆದರೆ ತಡಕ್ಕೆ ಜನರ ಆಕ್ಷೇಪಣೆಯೇ ಕಾರಣವೇ? ಬೆಂಗಳೂರನ್ನು ನೋಡಿ. ಅಲ್ಲಿನ 2015ರ ಮಾಸ್ಟರ್ ಪ್ಲಾನ್‌ಗೆ ಒಪ್ಪಿಗೆ ಸಿಕ್ಕಿದ್ದು 2007ರಲ್ಲಿ. ಅದರ ಮುಂದಿನ 2031ರ ಕರಡು ಹೊರಬಂದದ್ದು 2017ರ ನವೆಂಬರ್‌ನಲ್ಲಿ. ಜನ ಸುಮಾರು ಎರಡು ತಿಂಗಳಲ್ಲಿ ಸಾವಿರಾರು ಆಕ್ಷೇಪಣೆ ಸಲ್ಲಿಸಿದರು. 2020ರಲ್ಲಿ ಸರ್ಕಾರ ಆ ಕರಡನ್ನೇ ಹಿಂತೆಗೆದುಕೊಂಡಿತು. 2007ರಿಂದ 2020ರವರೆಗಿನ ಅಷ್ಟು ವರ್ಷಗಳಲ್ಲಿ ಜನರ ಪಾಲಿಗೆ ಬಂದದ್ದು ಎರಡು ತಿಂಗಳು. ಉಳಿದದ್ದೆಲ್ಲ ಕಡತದ ಕಾಲ.

ಹಾಗಾದರೆ ತಾಲ್ಲೂಕಿನ ಮಟ್ಟದಲ್ಲಿ ಕೇಳಬೇಕಾದದ್ದು ಏನು? ದಿನ ಹೆಚ್ಚಿಸಿ ಅನ್ನೋದು ಒಂದು. ಅದಕ್ಕಿಂತ ಮುಖ್ಯ, ದಿನ ಎಣಿಸುವುದು ಎಲ್ಲಿಂದ ಅನ್ನೋದು. ಪೇಪರಿನಲ್ಲಿ ಬಂದ ದಿನದಿಂದಲ್ಲ, ಗ್ರಾಮ ಪಂಚಾಯಿತಿ ಗೋಡೆಗೆ ಕನ್ನಡದ ನಕ್ಷೆ ಬಿದ್ದ ದಿನದಿಂದ ಎಣಿಕೆ ಶುರುವಾಗಲಿ. ನಕ್ಷೆಯಲ್ಲಿ ಹಳದಿ ಅಂದರೆ ವಾಸಕ್ಕೆ, ನೀಲಿ ಅಂದರೆ ವ್ಯಾಪಾರಕ್ಕೆ ಅಂತ ಪಕ್ಕದಲ್ಲೇ ಬರೆದಿರಲಿ. ಗುಡಿ, ಹಳ್ಳ, ಸಾಲಿಯ ಹೆಸರು ನಮೂದಿಸಿದ್ದರೆ ಸರ್ವೆ ನಂಬರು ಗೊತ್ತಿಲ್ಲದವರಿಗೂ ತಮ್ಮ ಜಾಗ ಸಿಗುತ್ತದೆ. ಒಂದು ವಿಶೇಷ ಗ್ರಾಮಸಭೆ ಆ ಅವಧಿಯೊಳಗೇ ಸೇರಲಿ. ಅದಕ್ಕೆ ಆರು ತಿಂಗಳು ಕಾಯಬೇಕು ಅಂತ ಯಾವ ಕಾಯ್ದೆಯೂ ಹೇಳಿಲ್ಲ.

ತಾಳಿಕೋಟೆ ರಸ್ತೆಗೆ ಮುಖ ಮಾಡಿದ ಅಂಗಡಿಯವರು ಕೈಯಾರೆ ಮಾಡಬಹುದಾದ ಕೆಲಸವೂ ಇದೆ. ತಮ್ಮ ಜಾಗದ ಮತ್ತು ಅಕ್ಕಪಕ್ಕದ ಸರ್ವೆ ನಂಬರುಗಳನ್ನು ಒಂದು ಚೀಟಿಯಲ್ಲಿ ಬರೆದು ಗಲ್ಲಾಪೆಟ್ಟಿಗೆ ಮೇಲೆ ಅಂಟಿಸಿಕೊಳ್ಳುವುದು. ಪ್ರಕಟಣೆ ಕಂಡರೆ ಬಾಯಿಮಾತಿನಲ್ಲಿ ತಕರಾರು ಹೇಳಿ ಬರುವ ಬದಲು ಬರೆದು ಕೊಟ್ಟು, ನಕಲಿನ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳುವುದು. ನಾಳೆ ಕೋರ್ಟಿಗೆ ಹೋಗುವ ಸಂದರ್ಭ ಬಂದರೆ ಮೊದಲು ಕೇಳುವುದು ಅದೇ ಸೀಲು ಬಿದ್ದ ಕಾಗದವನ್ನು.