‘ನಾನು’ ಎನ್ನಬೇಕಾದಲ್ಲಿ ‘ನಾವು’: ಒಂದು ಪದ, ಸಾವಿರಾರು ಜ್ಞಾನಸ್ನಾನ

ಮಗುವಿನ ತಲೆಗೆ ನೀರೆರೆಯುವಾಗ ಗುರುಗಳು ‘ನಾನು’ ಎನ್ನುವ ಬದಲು ‘ನಾವು’ ಎಂದರೆ ಏನಾದೀತು? ಅಮೆರಿಕದ ಫೀನಿಕ್ಸ್ ಧರ್ಮಪ್ರಾಂತ್ಯದಲ್ಲಿ ಏನಾಯಿತೆಂಬುದು 2022ರಲ್ಲಿ ಜಗತ್ತಿಗೆಲ್ಲ ತಿಳಿಯಿತು. ಅಲ್ಲಿನ ಗುರುವೊಬ್ಬರು ವರ್ಷಗಟ್ಟಲೆ “ನಾವು ನಿನಗೆ ಜ್ಞಾನಸ್ನಾನ ಕೊಡುತ್ತೇವೆ” ಎಂದು ಹೇಳುತ್ತಾ ಬಂದಿದ್ದರು. ಪರಿಣಾಮವಾಗಿ ಸಾವಿರಾರು ಮಂದಿಯ ಜ್ಞಾನಸ್ನಾನ ಅಸಿಂಧುವಾಯಿತು. ಗುರುಗಳು ಕ್ಷಮೆ ಕೇಳಿ ಧರ್ಮಕೇಂದ್ರದ ಹೊಣೆಗೆ ರಾಜೀನಾಮೆಯಿತ್ತರು.

ನಮ್ಮ ಸಂಘಗಳ ಇತರ ಧರ್ಮೀಯ ಬಂಧುಗಳಿಗಾಗಿ ಎರಡು ಮಾತು. ಹಿಂದೂಗಳಲ್ಲಿ ಷೋಡಶ ಸಂಸ್ಕಾರಗಳಿರುವಂತೆ ಕಥೋಲಿಕರಲ್ಲಿ ಏಳು ಸಂಸ್ಕಾರಗಳಿವೆ: ಜ್ಞಾನಸ್ನಾನ, ದೃಢೀಕರಣ, ಪರಮಪ್ರಸಾದ, ಪಾಪನಿವೇದನೆ, ರೋಗಿಗಳ ತೈಲಾಭಿಷೇಕ, ಗುರುದೀಕ್ಷೆ ಹಾಗೂ ವಿವಾಹ. ಇವು ಏಳೇ ಎಂದು ಟ್ರೆಂಟ್ ಮಹಾಸಭೆ 1547ರಲ್ಲಿ ಖಚಿತಪಡಿಸಿತು. ಜ್ಞಾನಸ್ನಾನ ಇವುಗಳ ಹೆಬ್ಬಾಗಿಲು. ಅದು ಸಿಂಧುವಲ್ಲದಿದ್ದರೆ ಮುಂದಿನ ಸಂಸ್ಕಾರಗಳೂ ನಿಲ್ಲುವುದಿಲ್ಲ.

‘ನಾವು’ ಎಂಬ ವಾಕ್ಯ ಸಲ್ಲದೆಂದು ರೋಮಿನ ವಿಶ್ವಾಸ ಸಿದ್ಧಾಂತದ ಪೀಠವು 2020ರ ಆಗಸ್ಟ್‌ನಲ್ಲೇ ತೀರ್ಪಿತ್ತಿತ್ತು. ಅದನ್ನು ಓದಿದ ಡೆಟ್ರಾಯಿಟ್‌ನ ಯುವ ಗುರುವೊಬ್ಬರಿಗೆ ತನ್ನ ಶೈಶವದ ಜ್ಞಾನಸ್ನಾನದ ವಿಡಿಯೋ ನೆನಪಾಯಿತು. ಅದರಲ್ಲಿಯೂ ‘ನಾವು’ ಎಂದೇ ಇತ್ತು! ಅಂದರೆ ಅವರು ಗುರುವೂ ಆಗಿರಲಿಲ್ಲ, ಅರ್ಪಿಸಿದ ಪೂಜೆಗಳೂ ಸಿಂಧುವಾಗಿರಲಿಲ್ಲ. ಕೆಲವೇ ದಿನಗಳಲ್ಲಿ ಅವರು ಜ್ಞಾನಸ್ನಾನ, ದೃಢೀಕರಣ, ಗುರುದೀಕ್ಷೆಗಳನ್ನು ಮೊದಲಿನಿಂದ ಪಡೆದರು. ಆದರೆ ಅವರು ಇತರರಿಗೆ ಕೊಟ್ಟಿದ್ದ ಜ್ಞಾನಸ್ನಾನ ಮಾತ್ರ ಸಿಂಧುವಾಗಿಯೇ ಉಳಿಯಿತು. ಏಕೆಂದರೆ ತುರ್ತು ಸಂದರ್ಭದಲ್ಲಿ ಕ್ರೈಸ್ತರಲ್ಲದ ದಾದಿಯೂ ಧರ್ಮಸಭೆಯ ಉದ್ದೇಶದಂತೆ, ನೀರೆರೆದು, ಸರಿಯಾದ ವಾಕ್ಯ ಹೇಳಿ ಜ್ಞಾನಸ್ನಾನ ಕೊಡಬಹುದು.

ದಾದಿಗೂ ಸಲ್ಲುವ ಸಂಸ್ಕಾರ ಒಂದು ಪದಕ್ಕೆ ಕೆಡುವುದೆಂದರೆ ಇದು ಬರೀ ಕಾನೂನಿನ ಹಟವಲ್ಲವೇ ಎಂದು ಅನೇಕರು ಕೇಳಿದ್ದಾರೆ. ಪ್ರಶ್ನೆ ನ್ಯಾಯವಾದುದೇ. ಆದರೆ ಎರಡಕ್ಕೂ ಕಾರಣ ಒಂದೇ. ಜ್ಞಾನಸ್ನಾನ ಕೊಡುವವರು ಯೇಸುಕ್ರಿಸ್ತರು, ಮನುಷ್ಯ ಕೇವಲ ನಿಮಿತ್ತ ಎಂಬುದು ಸಭೆಯ ನಂಬಿಕೆ. ಆ ‘ನಾನು’ ಗುರುವಿನ ಅಹಂ ಅಲ್ಲ, ಕ್ರಿಸ್ತರದು. ಆದುದರಿಂದ ಕೊಡುವವನ ಯೋಗ್ಯತೆ ಅಡ್ಡಬರುವುದಿಲ್ಲ. ‘ನಾವು’ ಎಂದಾಗ ತಂದೆತಾಯಿ, ನೆಂಟರಿಷ್ಟರು ಸೇರಿ ಕೊಟ್ಟಂತಾಗುತ್ತದೆ. ಗುರು ತನಗೆ ತೋಚಿದಂತೆ ವಾಕ್ಯ ಬದಲಿಸತೊಡಗಿದರೆ ಬಡಪಾಯಿ ಭಕ್ತನಿಗೆ ಭರವಸೆಯೇನು? ಈ ಕಟ್ಟುನಿಟ್ಟು ಜನರ ಹಕ್ಕನ್ನು ಕಾಯುವಂಥದ್ದು. 2024ರ ಫೆಬ್ರವರಿಯಲ್ಲಿ ಪೋಪ್ ಫ್ರಾನ್ಸಿಸ್ ಅವರ ಒಪ್ಪಿಗೆಯೊಂದಿಗೆ ಹೊರಬಂದ ‘ಜೆಸ್ಟಿಸ್ ವೆರ್ಬಿಸ್ಕ್ವೆ’ ಎಂಬ ಟಿಪ್ಪಣಿಯೂ ಸಂಸ್ಕಾರದ ವಸ್ತು, ವಾಕ್ಯಗಳನ್ನು ಯಾರೂ ಸ್ವಂತ ಇಚ್ಛೆಯಿಂದ ಬದಲಿಸಕೂಡದೆಂದು ಹೇಳಿದೆ.

ಹಾಗಾದರೆ ಅಸಿಂಧು ಜ್ಞಾನಸ್ನಾನ ಪಡೆದು ತೀರಿಹೋದವರ ಗತಿ? ಇದಕ್ಕೂ ಸಭೆಯಲ್ಲಿ ಉತ್ತರವಿದೆ. ದೇವರು ಮನುಷ್ಯನನ್ನು ಸಂಸ್ಕಾರಗಳಿಗೆ ಕಟ್ಟಿದ್ದಾನೆ, ತಾನು ಅವುಗಳಿಗೆ ಕಟ್ಟುಬಿದ್ದಿಲ್ಲ. ನಿಯಮ ಮತ್ತು ಕರುಣೆ ಎರಡನ್ನೂ ಒಟ್ಟಿಗೆ ಹಿಡಿಯದಿದ್ದರೆ ಫೀನಿಕ್ಸ್‌ನ ಸುದ್ದಿ ಅರ್ಧ ಮಾತ್ರ ಅರ್ಥವಾದೀತು.

ಮುಂಬಯಿಯಲ್ಲಿರುವ ನಮ್ಮವರಿಗೆ ಜ್ಞಾನಸ್ನಾನದ ನೆನಪಾಗುವುದು ಹೆಚ್ಚಾಗಿ ಮಕ್ಕಳ ಮದುವೆ ಗೊತ್ತಾದಾಗ. ಆಗ ಊರಿನ ಇಗರ್ಜಿಯಿಂದ ಹೊಸ ಪ್ರಮಾಣಪತ್ರ ತರಿಸಬೇಕು, ಹಳೆಯದು ನಡೆಯದು. ಯಾಕಿಷ್ಟು ಓಡಾಟ ಎಂದು ಗೊಣಗುವವರಿದ್ದಾರೆ. ಜ್ಞಾನಸ್ನಾನದ ಪುಸ್ತಕವೆಂದರೆ ಒಂದು ಲೆಡ್ಜರ್ ಇದ್ದಂತೆ. ದೃಢೀಕರಣವಾಗಲಿ ಮದುವೆಯಾಗಲಿ ಎಲ್ಲಿಯೇ ನಡೆದರೂ ಆ ಹೆಸರಿನ ಪಕ್ಕದಲ್ಲೇ ದಾಖಲಾಗಬೇಕು. ಹಳೆಯ ಪ್ರತಿಯಲ್ಲಿ ಆಮೇಲಿನ ದಾಖಲೆಗಳು ಸಿಗುವುದಿಲ್ಲ. ಬದುಕು ಕುರ್ಲಾದಲ್ಲೋ ಮಾಹಿಮ್‌ನಲ್ಲೋ ಸಾಗಿದರೂ ಖಾತೆ ಮಾತ್ರ ಊರಿನ ಆ ಪುಸ್ತಕದಲ್ಲೇ ಇರುತ್ತದೆ.

ಆದರೆ ಖಾತೆ ತೆರೆದು ಬಿಟ್ಟರೆ ಸಾಲದು. ಇಂದು ಜ್ಞಾನಸ್ನಾನವೆಂದರೆ ಹಾಲ್, ಕೇಕ್, ಫೋಟೋ ಎಂಬಂತಾಗಿದೆ. ಜ್ಞಾನಪೋಷಕರನ್ನು ಆರಿಸುವಾಗಲೂ ವಿಶ್ವಾಸಕ್ಕಿಂತ ಅಂತಸ್ತು ನೋಡುವುದುಂಟು. ಫೀನಿಕ್ಸ್‌ನ ಜನ ಒಂದು ಪದಕ್ಕಾಗಿ ಕಣ್ಣೀರಿಟ್ಟು ಮತ್ತೆ ನೀರಿನ ಬಳಿಗೆ ಬಂದರು. ಸರಿಯಾದ ಪದಗಳಿಂದಲೇ ಜ್ಞಾನಸ್ನಾನ ಪಡೆದ ನಾವು ಆ ಪದಗಳ ಅರ್ಥವನ್ನು ಮಕ್ಕಳಿಗೆ ಹೇಳಿಕೊಟ್ಟಿದ್ದೇವೆಯೇ? ಪ್ರತಿ ಮನೆಯೂ ಇದನ್ನು ಯೋಚಿಸಲಿ.