ಊಟಿಗೆ ಹೋಗುವ ಮಕ್ಕಳು ಹೊಳೆಬದಿಯಲ್ಲಿ ಒಂದು ರಾತ್ರಿ ತಂಗಲಿ

ಶಾಲಾ ಪ್ರವಾಸದ ಕಾಲ ಬಂತೆಂದರೆ ನಮ್ಮ ಜಿಲ್ಲೆಯ ಹೈಸ್ಕೂಲುಗಳಲ್ಲಿ ಮುಖ್ಯವಾಗಿ ಕೇಳಿಬರುವ ಹೆಸರುಗಳು ಎರಡೇ: ಒಂದು ಮೈಸೂರು, ಇನ್ನೊಂದು ಊಟಿ. ಊಟಿ ಎಂದು ತೀರ್ಮಾನವಾದರೆ ಮುಂದಿನದೆಲ್ಲ ತೀರ್ಮಾನವಾದಂತೆಯೇ. ಬಣ್ಣದ ದೀಪಗಳ ಬಸ್ಸು, ಕಿವಿ ಕಿವುಡಾಗುವಷ್ಟು ಹಾಡು, ಘಾಟಿಯ ತಿರುವುಗಳಲ್ಲಿ ವಾಂತಿ. ಮೇಲೆ ತಲುಪಿದ ಮೇಲೆ ಸಸ್ಯೋದ್ಯಾನ, ಕೆರೆಯಲ್ಲಿ ಅರ್ಧ ಗಂಟೆಯ ದೋಣಿ, ಪೇಟೆಯಲ್ಲಿ ಚಾಕಲೇಟು ಮತ್ತು ವರ್ಕಿ. ಮರಳಿ ಬಂದ ಮಕ್ಕಳಲ್ಲಿ ದಾರಿಯಲ್ಲಿ ಏನೇನು ಕಂಡಿರೆಂದು ಕೇಳಿದರೆ ಉತ್ತರವಿಲ್ಲ. ದಾರಿಯುದ್ದಕ್ಕೂ ಅವರು ಒಂದೋ ಕುಣಿಯುತ್ತಿದ್ದರು, ಇಲ್ಲವೇ ನಿದ್ರಿಸುತ್ತಿದ್ದರು.

ಇದು ಕೇವಲ ಅಭಿರುಚಿಯ ಪ್ರಶ್ನೆಯಲ್ಲ. 2022ರ ಅಕ್ಟೋಬರ್ 5ರ ರಾತ್ರಿ ಊಟಿಗೆ ಹೊರಟಿದ್ದ ಶಾಲಾ ಪ್ರವಾಸದ ಬಸ್ಸೊಂದು ಪಾಲಕ್ಕಾಡ್ ಜಿಲ್ಲೆಯ ವಡಕ್ಕಂಚೇರಿಯಲ್ಲಿ ಮುಂದೆ ಹೋಗುತ್ತಿದ್ದ ಸರಕಾರಿ ಬಸ್ಸಿಗೆ ಹಿಂದಿನಿಂದ ಬಡಿದು ಒಂಬತ್ತು ಮಂದಿ ಸತ್ತರು. ಅವರಲ್ಲಿ ಐವರು ವಿದ್ಯಾರ್ಥಿಗಳು, ಒಬ್ಬರು ಅಧ್ಯಾಪಕರು. ಶಾಲಾ ಪ್ರವಾಸದಲ್ಲಿ ರಾತ್ರಿ ಪ್ರಯಾಣ ಕೂಡದೆಂಬ ಆದೇಶ ಅದಕ್ಕೆ ಮುಂಚೆಯೂ ಇತ್ತು, ಆ ಬಳಿಕ ಇನ್ನಷ್ಟು ಬಿಗಿಯಾಯಿತು. ಹಾಗಿದ್ದರೂ ರಾತ್ರಿಯ ತಂಗುವಿಕೆ ಎಂದರೆ ಹಣ ದಂಡ, ಹೊತ್ತು ದಂಡ ಎಂಬ ಭಾವನೆ ಹೆತ್ತವರಿಂದ ಹೋಗಿಲ್ಲ. ನಮ್ಮ ಅಧ್ಯಾಪಕ ವೃಂದದಿಂದಲೂ ಹೋಗಿಲ್ಲ. ಹೇಗೂ ಒಂದು ರಾತ್ರಿ ಎಲ್ಲಾದರೂ ತಂಗಲೇಬೇಕು. ಹಾಗಾದರೆ ಆ ತಂಗುವಿಕೆಯನ್ನೇ ಪ್ರವಾಸದ ಮುಖ್ಯ ಪಾಠವನ್ನಾಗಿ ಏಕೆ ಮಾಡಬಾರದು?

ನನ್ನ ಸೂಚನೆ ಇಷ್ಟು. ಬೆಳಿಗ್ಗೆ ಕಾಸರಗೋಡಿನಿಂದ ರೈಲಿನಲ್ಲಿ ಹೊರಟು ಸಂಜೆಗೆ ಕೊಯಮತ್ತೂರು; ಅಲ್ಲಿಂದ ಸುಮಾರು 35 ಕಿಲೋಮೀಟರ್ ದೂರದ ಮೇಟ್ಟುಪಾಳಯಕ್ಕೆ ಇನ್ನೊಂದು ರೈಲು. ರಾತ್ರಿ ಅಲ್ಲಿ ತಂಗಿ, ಮರುದಿನ ಬೆಳಿಗ್ಗೆ ಏಳು ದಾಟುತ್ತಲೇ ಹೊರಡುವ ಬೆಟ್ಟದ ರೈಲನ್ನು ಹತ್ತುವುದು.

ಮೇಟ್ಟುಪಾಳಯವೆಂದರೆ ಊಟಿಯ ಬಾಗಿಲು ಎಂದಷ್ಟೇ ತಿಳಿದವರು ಹೆಚ್ಚು. ಅದು ಭವಾನಿ ಹೊಳೆಯ ದಡದ ಊರು. ಕೇರಳದ ನಲವತ್ತನಾಲ್ಕು ನದಿಗಳಲ್ಲಿ ಮೂರು ಮಾತ್ರ ಮೂಡಣಕ್ಕೆ ಹರಿಯುತ್ತವೆ ಎಂದು ನಾವು ತರಗತಿಯಲ್ಲಿ ಬಾಯಿಪಾಠ ಮಾಡಿಸುತ್ತೇವೆ: ಕಬಿನಿ, ಭವಾನಿ, ಪಾಂಬಾರ್. ಆ ಭವಾನಿ ನೀಲಗಿರಿಯಲ್ಲಿ ಹುಟ್ಟಿ, ಅಟ್ಟಪಾಡಿಯಲ್ಲಿ ಕೇರಳವನ್ನು ಹೊಕ್ಕು, ಮತ್ತೆ ತಮಿಳುನಾಡಿಗೆ ಹೊರಟು ಕಾವೇರಿಯನ್ನು ಸೇರುವ ಹೊಳೆ. ರಾಜ್ಯದ ಗಡಿ ಹೊಳೆಗೆ ಗೊತ್ತಿಲ್ಲವೆಂಬುದನ್ನು ಗಡಿನಾಡಿನ ಮಕ್ಕಳಿಗೆ ಕಪ್ಪುಹಲಗೆಯ ಮೇಲೆ ಬರೆದು ತೋರಿಸುವುದಕ್ಕಿಂತ ಸೇತುವೆಯ ಮೇಲೆ ನಿಲ್ಲಿಸಿ ತೋರಿಸುವುದು ಸುಲಭ. ಸಗಟು ಮಂಡಿಗಳಲ್ಲಿ ಬೆಟ್ಟದಿಂದ ಇಳಿದ ಬಟಾಟೆಯ ಮೂಟೆಗಳನ್ನು ಕಾಣಬಹುದು. ಮೇಲೆ ಬೆಳೆದದ್ದು ಕೆಳಗೆ ಹೇಗೆ ಮಾರಾಟವಾಗುತ್ತದೆ ಎಂಬ ಅರ್ಥಶಾಸ್ತ್ರಕ್ಕೆ ಇದಕ್ಕಿಂತ ಒಳ್ಳೆಯ ತರಗತಿ ಬೇಕೆ?

ಹಿಂದೆ ನಮ್ಮ ಕಡೆಯಲ್ಲೂ ಪ್ರಯಾಣವೆಂದರೆ ಕಡವಿನಿಂದ ಕಡವಿಗೆ. ದೋಣಿ ಸಿಗದಿದ್ದರೆ ರಾತ್ರಿ ದಡದಲ್ಲೇ ಕಳೆಯಬೇಕು. 1801ರಲ್ಲಿ ಫ್ರಾನ್ಸಿಸ್ ಬುಕಾನನ್ ಮಲಬಾರಿನಿಂದ ಚಂದ್ರಗಿರಿ ಹೊಳೆ ದಾಟಿ ತುಳುನಾಡಿಗೆ ಬಂದ. ಆತನ ಗ್ರಂಥ ಓದಿದವರು ಬಲ್ಲರು, ಅದು ಇರುವುದೇ ದಿನಚರಿಯ ರೂಪದಲ್ಲಿ. ಯಾವ ದಿನ ಎಲ್ಲಿ ತಂಗಿದನೋ ಅಲ್ಲಿನ ಮಣ್ಣು, ಬೆಳೆ, ತೆರಿಗೆ, ಜಾತಿ, ನಡವಳಿಕೆ ಎಲ್ಲ ಆ ದಿನದ ಪುಟಗಳಲ್ಲಿ. ಆತ ಕಂಪೆನಿ ಸರಕಾರದ ಲೆಕ್ಕಕ್ಕಾಗಿ ಬಂದವನು ಎಂಬುದು ಬೇರೆ ಮಾತು. ತಂಗದೆ ಹೋಗಿದ್ದರೆ ಆತನಿಗೆ ಬರೆಯಲು ಏನೂ ಸಿಗುತ್ತಿರಲಿಲ್ಲ.

ಇನ್ನು ರೈಲು. 1899ರಲ್ಲಿ ಕೂನೂರಿನ ವರೆಗೆ, 1908ರಲ್ಲಿ ಊಟಿಯ ವರೆಗೆ ತೆರೆದ ಈ ದಾರಿಯ ಉದ್ದ ಸುಮಾರು 46 ಕಿಲೋಮೀಟರ್. ಹತ್ತಲು ತಗಲುವ ಹೊತ್ತು ಐದು ಗಂಟೆಯಷ್ಟು. ಸೈಕಲ್ ತುಳಿಯುವ ಹುಡುಗ ನಗಬಹುದು. ಆದರೆ ಸಮುದ್ರಮಟ್ಟದಿಂದ 326 ಮೀಟರ್ ಎತ್ತರದಲ್ಲಿ ಹೊರಟ ಗಾಡಿ 2,200 ಮೀಟರಿಗೆ ಏರುವುದು ಸಣ್ಣ ಸಂಗತಿಯಲ್ಲ. ಕಲ್ಲಾರಿನಿಂದ ಕೂನೂರಿನ ವರೆಗೆ ಎರಡು ಹಳಿಗಳ ನಡುವೆ ಹಲ್ಲುಗಳುಳ್ಳ ಇನ್ನೊಂದು ಹಳಿ. ಇಂಜಿನಿನ ಹಲ್ಲುಚಕ್ರ ಅದನ್ನು ಕಚ್ಚಿಕೊಂಡು ಹತ್ತುತ್ತದೆ. ಇಂಜಿನು ಎಳೆಯುವುದೂ ಅಲ್ಲ, ಹಿಂದಿನಿಂದ ನೂಕುತ್ತದೆ. ಕಲ್ಲಾರಿನ ಬಳಿ ಕಿಟಿಕಿಯ ಹೊರಗೆ ನೋಡಿದರೆ ಅಡಿಕೆ ತೋಟ! ನಮ್ಮ ಮಕ್ಕಳಿಗೆ ಮನೆ ನೆನಪಾದೀತು. ಅಲ್ಲಿಂದ ಮೇಲೆ ಕಾಡು, ಸುರಂಗಗಳು, ಚಹಾ ತೋಟ, ಕೊನೆಗೆ ಚಳಿ. ಹವೆ ಬದಲಾಗುವುದನ್ನು ಮೈಮೇಲೆ ಅನುಭವಿಸಲು ಆ ನಿಧಾನವೇ ಬೇಕು. 2005ರಲ್ಲಿ ಯುನೆಸ್ಕೋ ಇದನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು.

ಕೂನೂರು ದಾಟಿದ ಮೇಲೆ ಕೇತಿ ಎಂಬ ನಿಲ್ದಾಣ ಬರುತ್ತದೆ. ಕನ್ನಡ ಮಾಧ್ಯಮದ ಮಕ್ಕಳು ಅಲ್ಲಿ ಕಿವಿ ತೆರೆದಿರಬೇಕು. ಸುತ್ತಲ ಹಟ್ಟಿಗಳಲ್ಲಿ ಬಡಗರಿದ್ದಾರೆ. ತೆಂಕುತಿಟ್ಟು, ಬಡಗುತಿಟ್ಟು ಎಂದು ದಿನವೂ ಹೇಳುವ ನಮಗೆ ಬಡಗರೆಂದರೆ ಯಾವ ದಿಕ್ಕಿನಿಂದ ಬಂದವರೆಂದು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಅವರ ದೊಡ್ಡ ಹಬ್ಬ ಹೆತ್ತೆಯ ಹಬ್ಬ. 1846ರಲ್ಲಿ ಬಾಸೆಲ್ ಮಿಶನಿನವರು ಈ ಕೇತಿಯಲ್ಲಿ ನೆಲೆಯೂರಿದರು. ಬಡಗ ನುಡಿಯ ಲೂಕನ ಸುವಾರ್ತೆ 1852ರಲ್ಲಿ ಅಚ್ಚಾದದ್ದು ಕನ್ನಡ ಲಿಪಿಯಲ್ಲಿ. 2011ರ ಜನಗಣತಿಯಲ್ಲಿ ಬಡಗವನ್ನು ತಾಯ್ನುಡಿಯೆಂದು ಬರೆಸಿದವರು 1 ಲಕ್ಷ 30 ಸಾವಿರಕ್ಕೂ ಮಿಕ್ಕಿ ಇದ್ದಾರೆ. ಗಣತಿಯವರು ಅವರನ್ನು ಕನ್ನಡದ ಅಡಿಯಲ್ಲಿ ಲೆಕ್ಕ ಹಾಕಿದರು. ತಮ್ಮದು ಬೇರೆಯೇ ನುಡಿ ಎನ್ನುವ ಬಡಗರೂ ಇದ್ದಾರೆ. ನಮ್ಮ ಮಕ್ಕಳು ಅವರನ್ನು ‘ನಮ್ಮವರು’ ಎಂದು ಹೆಗಲಿಗೇರಿಸಿಕೊಂಡು ಬರಬೇಕಿಲ್ಲ. ಬಡಗರ ಹುಡುಗನೊಬ್ಬ ಆಡುವ ಮಾತಿನಲ್ಲಿ ಎಷ್ಟು ತಮಗೆ ತಿಳಿಯಿತು, ಎಷ್ಟು ತಿಳಿಯಲಿಲ್ಲ ಎಂದು ಬರೆದುಕೊಂಡು ಬಂದರೆ ಸಾಕು. ಮನೆಯಲ್ಲಿ ತುಳು, ಪೇಟೆಯಲ್ಲಿ ಮಲಯಾಳ, ಶಾಲೆಯಲ್ಲಿ ಕನ್ನಡ ಎಂದು ಬೆಳೆಯುವ ನಮ್ಮ ಮಕ್ಕಳಿಗೆ ಆ ಕೆಲಸ ಬೇರೆ ಯಾರಿಗಿಂತಲೂ ಚೆನ್ನಾಗಿ ಬರುತ್ತದೆ.

ಊಟಿಯ ದೋಣಿಯ ಬಗ್ಗೆಯೂ ಒಂದು ಮಾತು. ಆ ಕೆರೆ ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲ್ಲಿವನ್ 1820ರ ದಶಕದಲ್ಲಿ ಕಟ್ಟಿಸಿದ್ದು. ಅಲ್ಲಿನ ದೋಣಿ ಎಲ್ಲಿಗೂ ಹೋಗುವುದಿಲ್ಲ. ಸುತ್ತು ಹಾಕಿ ಹತ್ತಿದಲ್ಲೇ ಇಳಿಸುತ್ತದೆ. ಅದೇ ನೀಲಗಿರಿ ಜಿಲ್ಲೆಯ ತಪ್ಪಲಲ್ಲಿ ಮೋಯಾರ್ ಹೊಳೆಯಾಚೆ ತೆಂಗುಮರಹಡ ಎಂಬ ಹಳ್ಳಿಯಿದೆ. ಬಸ್ಸು ಈಚೆ ದಡದಲ್ಲೇ ನಿಂತು, ಜನ ಹರಿಗೋಲಿನಲ್ಲಿ ಹೊಳೆ ದಾಟಿ ಊರು ಸೇರಿದ ಹಳ್ಳಿ ಅದು. ನೀರು ಏರಿದರೆ ರೋಗಿಯೂ ದಡದಲ್ಲೇ ಕಾಯಬೇಕು. ಪ್ರವಾಸದ ಬಸ್ಸುಗಳಿಗೆ ಅಲ್ಲಿ ಕೆಲಸವಿಲ್ಲ, ಹೋಗುವುದೂ ಬೇಡ. ಆದರೆ ಆಟದ ದೋಣಿ ಹತ್ತುವ ಮಕ್ಕಳಿಗೆ ಅದೇ ಜಿಲ್ಲೆಯ ಈ ದೋಣಿಯ ಸಂಗತಿಯನ್ನೂ ಅಧ್ಯಾಪಕರು ಹೇಳಬೇಕು.

ಖರ್ಚು ಹೆಚ್ಚೆಂಬ ಆಕ್ಷೇಪ ಬರುತ್ತದೆ. ರೈಲಿನ ಎರಡನೇ ದರ್ಜೆಯ ಟಿಕೇಟಿಗೂ ಬಸ್ಸಿನ ಬಾಡಿಗೆಗೂ ಕೂತು ಲೆಕ್ಕ ಹಾಕಿದರೆ ಒಂದು ರಾತ್ರಿಯ ಕೋಣೆ ಬಾಡಿಗೆ ಅಷ್ಟೇನೂ ಭಾರವಾಗದೆಂದು ನನ್ನ ಅಂದಾಜು. ಮೇಲಾಗಿ 2024ರ ಮೇ ತಿಂಗಳಿನಿಂದ ಮದ್ರಾಸ್ ಹೈಕೋರ್ಟಿನ ಆದೇಶದಂತೆ ಊಟಿಗೆ ಹೋಗುವ ಹೊರಗಿನ ವಾಹನಗಳಿಗೆ ಇ-ಪಾಸ್ ಬೇಕಾಗಿದೆ. ಆ ಬೆಟ್ಟಕ್ಕೆ ಇನ್ನೊಂದು ಬಸ್ಸಿನ ಭಾರ ತಪ್ಪಿದರೂ ಒಳ್ಳೆಯದೇ. ನಿಜವಾದ ತೊಡಕು ಬೇರೆ: ಬೆಟ್ಟದ ರೈಲಿನಲ್ಲಿ ಆಸನಗಳು ಕಡಿಮೆ, ನಲವತ್ತು ಮಕ್ಕಳಿಗೆ ಒಟ್ಟಿಗೆ ಸಿಗುವುದು ಕಷ್ಟ. ಸಿಗದಿದ್ದರೆ ಹಗಲಲ್ಲಿ ಬಸ್ಸಿನಲ್ಲಿ ಕೂನೂರಿಗೆ ಏರಿ, ಅಲ್ಲಿಂದ ಊಟಿಗಾದರೂ ರೈಲು ಹತ್ತಬಹುದು.

ರಕ್ಷಕ-ಶಿಕ್ಷಕ ಸಂಘಗಳು ಪ್ರವಾಸದ ತಾರೀಕನ್ನು ಜೂನ್–ಜುಲೈಯಲ್ಲೇ ಗೊತ್ತುಮಾಡಿದರೆ ಟಿಕೇಟಿಗೆ ಪ್ರಯತ್ನಿಸಲು ಸಮಯ ಸಿಗುತ್ತದೆ. ಅಕ್ಟೋಬರ್–ನವೆಂಬರಿನ ಮಳೆಯಲ್ಲಿ ಮಣ್ಣು ಕುಸಿದು ಗಾಡಿ ನಿಲ್ಲುವುದುಂಟು, ಜನವರಿ ವಾಸಿ. ಇನ್ನೊಂದು ಎಚ್ಚರಿಕೆ: ಮೇಲಿನ ಪಿಲ್ಲೂರು ಅಣೆಕಟ್ಟಿನಿಂದ ನೀರು ಬಿಟ್ಟಾಗ ಭವಾನಿ ಏಕಾಏಕಿ ಏರುತ್ತದೆ. ಮಕ್ಕಳು ಹೊಳೆಯನ್ನು ದಡದಲ್ಲಿ ನಿಂತೇ ನೋಡಲಿ, ನೀರಿಗಿಳಿಯುವುದು ಬೇಡ.